ಬೆಲ್ಟ್ ಫ್ಯಾನಿಗೆ ಮೊದಲ ಸಲ ಕರೆಂಟ್ ಕೊಡುವ ಮುಂಚೆ: ಅಡಿಕೆ ಶೆಡ್ಡಿನವರಿಗೆ ಸಮಗ್ರ ಮಾರ್ಗದರ್ಶಿ

ದೀಪಾವಳಿ ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಬೇಯಿಸುವ ಒಲೆಗಳು ಹತ್ತುತ್ತವೆ. ಹಂಡೆಯಿಂದ ಏಳುವ ಹಬೆ, ಹಸಿ ಕಟ್ಟಿಗೆಯ ಹೊಗೆ, ಒಣ ಸಿಪ್ಪೆಯ ದೂಳು. ಇವೆಲ್ಲ ಒಂದೇ ಶೆಡ್ಡಿನಲ್ಲಿ ಸೇರಿದರೆ ಅಲ್ಲಿ ರಾತ್ರಿ ತನಕ ಕೂತು ಕೆಲಸ ಮಾಡುವವರ ಕಣ್ಣು, ಎದೆ ಎರಡಕ್ಕೂ ಕಷ್ಟ. ಗೋಡೆಗೆ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಇದಕ್ಕೆ ಒಳ್ಳೆಯ ಪರಿಹಾರ. 36 ಇಂಚು, 50 ಇಂಚಿನ ಫ್ಯಾನುಗಳಲ್ಲಿ ಮೋಟಾರು ಬೇರೆ, ರೆಕ್ಕೆ ಬೇರೆ ಇರುತ್ತದೆ. ಎರಡನ್ನೂ ಸೇರಿಸುವುದು ಬೆಲ್ಟ್. ರೆಕ್ಕೆ ನಿಧಾನ ತಿರುಗಿದರೂ ಗಾಳಿ ಜಾಸ್ತಿ ಎಳೆಯುತ್ತದೆ, ಸದ್ದು ಕಡಿಮೆ. ಕೊಟ್ಟಿಗೆಗೆ, ಕೋಳಿ ಫಾರಂಗೆ ಹಾಕುವುದೂ ಇದೇ ಥರದ ಫ್ಯಾನು.

ತೊಂದರೆ ಆಗುವುದು ಹೀಗೆ. ಶೆಡ್ಡಿನ ಕೆಲಸ ಬೇಸಿಗೆಯಲ್ಲಿ. ಫ್ಯಾನ್ ತರುವುದೂ ಆಗಲೇ. ಆಮೇಲೆ ಜೂನ್‌ನಿಂದ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ. ಅಷ್ಟಿಲ್ಲದ ಊರಿನಲ್ಲೂ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಅಷ್ಟು ದಿನ ಫ್ಯಾನ್ ಶೆಡ್ಡಿನ ಮೂಲೆಯಲ್ಲಿ ಕೂತಿರುತ್ತದೆ. ಮೊದಲ ಅಡಿಕೆ ಗೊನೆ ಇಳಿದ ದಿನ ಯಾರೋ ವೈರ್ ಸಿಕ್ಕಿಸಿ, "ಹೊಸದಲ್ವಾ, ಆನ್ ಮಾಡು ಮಾರಾಯ" ಅನ್ನುತ್ತಾರೆ.

ಕಾರ್ಖಾನೆಯಲ್ಲಿ ಫ್ಯಾನನ್ನು ನೋಡಿಯೇ ಕಳಿಸಿರಬಹುದು. ಆದರೆ ಅದಾದ ಮೇಲೆ ಲಾರಿಯ ಕುಲುಕಾಟ ಆಗಿದೆ, ಘಾಟಿ ರಸ್ತೆ ಆಗಿದೆ, ಒಂದು ಮಳೆಗಾಲವೂ ಆಗಿದೆ. ನಮ್ಮ ಮಟ್ಟಿಗೆ ಹೊಸ ಫ್ಯಾನ್ ಅಂದರೆ ಇನ್ನೂ ನೋಡಿರದ ಫ್ಯಾನ್ ಅಷ್ಟೇ. ಅರ್ಧ ದಿನ ಕೊಟ್ಟು ಕೆಳಗಿನ ಕ್ರಮದಲ್ಲಿ ನೋಡಿ. ಅದೂ ಕೊಯ್ಲಿಗೆ ಒಂದು ವಾರ ಮುಂಚೆ. ಏನಾದರೂ ಸಾಮಾನು ಬೇಕಾದರೆ ಶಿವಮೊಗ್ಗಕ್ಕೆ ಹೋಗಿ ತರಲು ಸಮಯ ಸಿಗಬೇಕಲ್ಲ.

ಕೈಗೆ ಬೇಕಾದ ಸಾಮಾನು

ಸ್ಪ್ಯಾನರ್ ಸೆಟ್, ಅಲೆನ್ ಕೀ, ಟಾರ್ಚ್, ಸ್ಟೀಲ್ ಸ್ಕೇಲು, ಗಟ್ಟಿ ದಾರ, ಒಣ ಬಟ್ಟೆ, ಗ್ರೀಸ್ ಗನ್. ಕ್ಲ್ಯಾಂಪ್ ಮೀಟರ್ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವುದು) ಮತ್ತು ಮೆಗ್ಗರ್ (ಇನ್ಸುಲೇಷನ್ ಗಟ್ಟಿ ಇದೆಯೇ ಅಂತ ನೋಡುವ ಮೀಟರ್) ಮನೆಯಲ್ಲಿ ಇರುವುದಿಲ್ಲ. ಅವು ಎಲೆಕ್ಟ್ರಿಷಿಯನ್ ಹತ್ತಿರ ಅಥವಾ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತವೆ. ಮೆಕ್ಯಾನಿಕ್ ಕೆಲಸ ನೀವೇ ಮಾಡಿಕೊಳ್ಳಬಹುದು. ವೈರಿಂಗ್ ಮತ್ತು ಮೀಟರ್ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅನ್ನೇ ಕರೆಯಿರಿ.

1. ಮೊದಲು ಕರೆಂಟ್ ತೆಗೆಯಿರಿ, ರೆಕ್ಕೆ ಕಟ್ಟಿರಿ

ಸ್ಟಾರ್ಟರಿನ ಕೆಂಪು ಬಟನ್ ಒತ್ತಿದರೆ ಕರೆಂಟ್ ತೆಗೆದ ಹಾಗಲ್ಲ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್ ಮೂರನ್ನೂ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಎಂಸಿಬಿ ಇದ್ದರೆ ಇಳಿಸಿ ಬೋರ್ಡಿನ ಬಾಗಿಲಿಗೆ ಬೀಗ ಹಾಕಿ. "ಕೆಲಸ ನಡೀತಿದೆ, ಆನ್ ಮಾಡಬೇಡಿ" ಅಂತ ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿ. ಅಡಿಕೆ ಸುಗ್ಗಿಯಲ್ಲಿ ಶೆಡ್ಡಿಗೆ ಬಂದು ಹೋಗುವವರು ಹತ್ತು ಜನ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಟೆಸ್ಟರಿನಿಂದ ಮೋಟಾರಿನ ಟರ್ಮಿನಲ್‌ನಲ್ಲಿ ಮೂರು ಫೇಸನ್ನೂ ಮುಟ್ಟಿಸಿ ನೋಡಿ. ಅದಕ್ಕೂ ಮುಂಚೆ ಆ ಟೆಸ್ಟರ್ ಉರಿಯುತ್ತದೆಯೇ ಅಂತ ಕರೆಂಟ್ ಇರುವ ಕಡೆ ಒಮ್ಮೆ ನೋಡಿಕೊಂಡಿರಬೇಕು.

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಗೋಡೆಗೆ ಕೂರಿಸಿದ ಫ್ಯಾನ್ ಹೊರಗಿನ ಗಾಳಿಗೆ ತಾನೇ ತಿರುಗುತ್ತದೆ. ಬೆಲ್ಟಿಗೂ ಪುಲ್ಲಿಗೂ (ಬೆಲ್ಟ್ ಸುತ್ತುವ ಚಕ್ರ) ನಡುವೆ ಬೆರಳು ಇಟ್ಟಾಗ ಒಂದು ಬೀಸು ಗಾಳಿ ಬಂದರೆ ಸಾಕು, ಉಗುರು ಹೋಗುತ್ತದೆ, ಬೆರಳೇ ಹೋಗಬಹುದು. ಬೆಲ್ಟ್ ಮುಟ್ಟುವ ಮುಂಚೆ ಒಂದು ರೆಕ್ಕೆಯನ್ನು ಹಗ್ಗದಿಂದ ಫ್ರೇಮಿಗೆ ಕಟ್ಟಿ. ಕೆಲಸ ಮುಗಿದ ಮೇಲೆ ಬಿಚ್ಚುವುದು ಮರೆಯದ ಹಾಗೆ ಹಗ್ಗದ ತುದಿಗೆ ಒಂದು ಕೆಂಪು ಬಟ್ಟೆ ಸಿಕ್ಕಿಸಿ.

2. ನೇಮ್ ಪ್ಲೇಟ್ ಓದಿ

ಮೋಟಾರಿನ ಮೇಲಿನ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟು ಎಚ್‌ಪಿ, ಎಷ್ಟು ವೋಲ್ಟ್, ಎಷ್ಟು ಆಂಪ್ಸ್, ಎಷ್ಟು ಆರ್‌ಪಿಎಂ, ಸ್ಟಾರ್ ಕನೆಕ್ಷನ್ನೋ ಡೆಲ್ಟಾ ಕನೆಕ್ಷನ್ನೋ, ಎಲ್ಲ ಅದರಲ್ಲಿ ಇರುತ್ತದೆ. ಮೂರು ಫೇಸಿನ ಮೋಟಾರಿಗೆ 415 ವೋಲ್ಟ್, ವೇಗ ಸಾಮಾನ್ಯವಾಗಿ 1,440 ಆರ್‌ಪಿಎಂ ಆಸುಪಾಸು. ನಿಮ್ಮ ಶೆಡ್ಡಿನಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದು ತಂದದ್ದು ತ್ರೀ ಫೇಸ್ ಮೋಟಾರ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ ಅಂಗಡಿಯವರ ಜೊತೆ ಮಾತಾಡಿ.

ಈಗ ಪುಲ್ಲಿಯ ವ್ಯಾಸ ಅಳೆಯಿರಿ. ಲೆಕ್ಕ ಸುಲಭ: ಮೋಟಾರಿನ ವೇಗವನ್ನು ಮೋಟಾರ್ ಪುಲ್ಲಿಯ ಅಳತೆಯಿಂದ ಗುಣಿಸಿ, ಫ್ಯಾನ್ ಪುಲ್ಲಿಯ ಅಳತೆಯಿಂದ ಭಾಗಿಸಿ. 1,440 ವೇಗದ ಮೋಟಾರಿಗೆ 4 ಇಂಚಿನ ಪುಲ್ಲಿ, ಫ್ಯಾನಿಗೆ 12 ಇಂಚಿನ ಪುಲ್ಲಿ ಇದ್ದರೆ ರೆಕ್ಕೆ ನಿಮಿಷಕ್ಕೆ 480 ಸುತ್ತು ತಿರುಗುತ್ತದೆ. ಇದು ಫ್ಯಾನಿನ ಪಟ್ಟಿಯಲ್ಲಿ ಬರೆದ ವೇಗಕ್ಕೆ ಸರಿಹೊಂದಬೇಕು. "ಗಾಳಿ ಸಾಲಲ್ಲ, 5 ಇಂಚಿನ ಪುಲ್ಲಿ ಹಾಕೋಣ" ಅನ್ನುವವರು ಇರುತ್ತಾರೆ. ಹಾಗೆ ಮಾಡಿದರೆ ವೇಗ 600 ಆಗುತ್ತದೆ, ಅಂದರೆ ಕಾಲು ಭಾಗ ಹೆಚ್ಚು. ಆದರೆ ಫ್ಯಾನಿನಲ್ಲಿ ಹೊರೆ ಏರುವುದು ವೇಗದ ಘನದ ಲೆಕ್ಕದಲ್ಲಿ. ವೇಗ ಕಾಲು ಭಾಗ ಹೆಚ್ಚಿಸಿದರೆ ಮೋಟಾರಿನ ಮೇಲಿನ ಹೊರೆ ಹೆಚ್ಚುಕಡಿಮೆ ಎರಡರಷ್ಟು. ಮೋಟಾರ್ ಸುಡುತ್ತದೆ, ರೆಕ್ಕೆಗೂ ಅಪಾಯ. ಕಂಪನಿ ಕೊಟ್ಟ ಪುಲ್ಲಿಯನ್ನು ಬದಲಿಸಬೇಡಿ.

3. ಫ್ರೇಮು, ಜಾಲರಿ, ಲೌವರ್

ಗೋಡೆಯ ಬೋಲ್ಟುಗಳನ್ನು ಒಂದೊಂದಾಗಿ ಸ್ಪ್ಯಾನರ್ ಹಾಕಿ ನೋಡಿ. ಹಳೆಯ ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ ಗೋಡೆಗೆ ಬರಿ ಫಾಸ್ಟನರ್ ಹೊಡೆದರೆ ಅಲುಗಾಟಕ್ಕೆ ಸಡಿಲವಾಗುತ್ತದೆ. ಅಂಥ ಕಡೆ ಕಬ್ಬಿಣದ ಆಂಗಲ್ ಚೌಕಟ್ಟು ಮಾಡಿ ಕಾಂಕ್ರೀಟಿನಲ್ಲಿ ಕೂರಿಸುವುದೇ ಸರಿ. ಫ್ರೇಮ್ ಓರೆಯಾಗಿ ಬಿಗಿದರೆ ರೆಕ್ಕೆ ಒಂದು ಕಡೆ ಉಜ್ಜುತ್ತದೆ. ಮಟ್ಟಗೋಲು ಇಟ್ಟು ನೋಡಿ.

ಲೌವರ್ ಪಟ್ಟಿಗಳನ್ನು (ಫ್ಯಾನಿನ ಹೊರಬದಿಯಲ್ಲಿ ಗಾಳಿಗೆ ತೆರೆದು ಮುಚ್ಚುವ ಪಟ್ಟಿಗಳು) ಕೈಯಲ್ಲಿ ಎತ್ತಿ ಬಿಡಿ. ಎಲ್ಲವೂ ಸಲೀಸಾಗಿ ಏಳಬೇಕು, ತಾವಾಗಿಯೇ ಮುಚ್ಚಬೇಕು. ಜೇಡರ ಬಲೆ, ಗೆದ್ದಲು ಮಣ್ಣು, ಪೇಂಟ್ ಅಂಟಿದ್ದರೆ ಬಿಡಿಸಿ. ಈ ಥರದ ರೆಕ್ಕೆ ಫ್ಯಾನಿಗೆ ಗಾಳಿ ಹೋಗುವ ದಾರಿ ಮುಚ್ಚಿದರೆ ಹೊರೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

4. ಕೈಯಲ್ಲಿ ತಿರುಗಿಸಿ

ಇಡೀ ತಪಾಸಣೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಹಂತ ಇದು. ಖರ್ಚಿಲ್ಲ, ಮೀಟರ್ ಬೇಡ.

ಮೋಟಾರಿನ ಬೋಲ್ಟ್ ಸಡಿಲಿಸಿ, ಮೋಟಾರನ್ನು ಒಳಕ್ಕೆ ಸರಿಸಿ, ಬೆಲ್ಟ್ ತೆಗೆದಿಡಿ. ಹಗ್ಗ ಬಿಚ್ಚಿ. ಹತ್ತಿ ಅಥವಾ ಚರ್ಮದ ಗ್ಲೌಸ್ ಹಾಕಿಕೊಳ್ಳಿ, ಏಕೆಂದರೆ ತಗಡಿನ ರೆಕ್ಕೆಯ ಅಂಚು ಕೊಯ್ಯುತ್ತದೆ. ಈಗ ರೆಕ್ಕೆಯನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಶೆಡ್ಡಿನಲ್ಲಿ ಮಾತು ನಿಲ್ಲಿಸಿ, ಕಿವಿ ಕೊಡಿ. ಸರಿಯಾದ ಬೇರಿಂಗ್ ಸದ್ದೇ ಮಾಡುವುದಿಲ್ಲ. ಒಳಗೆ ಮರಳು ಸೇರಿದ ಹಾಗೆ ಕರಕರ ಅಂದರೆ ಬೇರಿಂಗಿನ ಗುಂಡಿಗೆ ತುಕ್ಕು ಹಿಡಿದಿರಬಹುದು. ಅಂಗೈಗೂ ಅದು ಗೊತ್ತಾಗುತ್ತದೆ: ಒಂದು ಕಡೆ ಹಗುರ, ಒಂದು ಕಡೆ ತಡೆ.

ರೆಕ್ಕೆಯ ತುದಿಗೂ ಸುತ್ತಲಿನ ಬಳೆಗೂ ಇರುವ ಸಂದು ನೋಡಿ. ಬಳೆಯ ಒಂದು ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ, ಪ್ರತಿ ರೆಕ್ಕೆಯನ್ನೂ ಅದೇ ಗುರುತಿನ ಎದುರು ನಿಲ್ಲಿಸಿ ಸ್ಕೇಲಿನಿಂದ ಅಳೆಯಿರಿ. ಎಲ್ಲದರ ಅಳತೆಯೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ರೆಕ್ಕೆ ಮಾತ್ರ ಬೇರೆ ಬಂದರೆ ಸಾಗಣೆಯಲ್ಲಿ ಬಗ್ಗಿದೆ. ಸುತ್ತಿಗೆಯಿಂದ ನೀವೇ ಬಡಿದು ನೇರ ಮಾಡಲು ಹೋಗಬೇಡಿ. ವಾಪಸ್ ಕೊಡಿ.

ಈಗ ಜೋರಾಗಿ ಒಂದು ನೂಕು ಕೊಟ್ಟು ತಾನಾಗಿಯೇ ನಿಲ್ಲಲು ಬಿಡಿ. ಹೀಗೆ ನಾಲ್ಕಾರು ಸಲ ಮಾಡಿ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಂತರೆ ಸರಿ. ಅದೇ ರೆಕ್ಕೆ ಮತ್ತೆ ಮತ್ತೆ ಕೆಳಗೇ ಬಂದು ನಿಂತರೆ ಆ ಕಡೆ ಭಾರ ಜಾಸ್ತಿ. ರೆಕ್ಕೆಗೆ ಮಣ್ಣೋ ಗೂಡೋ ಅಂಟಿದೆಯಾ ನೋಡಿ. ರೆಕ್ಕೆಯ ಮೇಲೆ ಚಿಕ್ಕ ತಗಡಿನ ಕ್ಲಿಪ್ ಅಥವಾ ವಾಷರ್ ಇದ್ದರೆ ಕೀಳಬೇಡಿ. ಅದು ಸಮತೋಲಕ್ಕಾಗಿ ಕಂಪನಿಯವರೇ ಹಾಕಿದ್ದು.

ಕೊನೆಗೆ ಮೋಟಾರಿನ ಶಾಫ್ಟನ್ನು ಬೇರೆಯಾಗಿ ತಿರುಗಿಸಿ. ಅದರ ಹಿಂಬದಿಯ ಮುಚ್ಚಳದ ಒಳಗೆ ಪುಟ್ಟ ಕೂಲಿಂಗ್ ಫ್ಯಾನ್ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ. ಕುಂಬಾರ ಹುಳಕ್ಕೆ ಮಣ್ಣಿನ ಗೂಡು ಕಟ್ಟಲು ಅಂಥ ಸಂದುಗಳೆಂದರೆ ಇಷ್ಟ. ಗಾಳಿ ಹೋಗುವ ತೂತು ಕಟ್ಟಿಕೊಂಡರೆ ಮೋಟಾರ್ ಕಾಯುತ್ತದೆ.

5. ಪುಲ್ಲಿ ಮತ್ತು ಬೆಲ್ಟ್

ಪುಲ್ಲಿಗೆ ಕೈ ಹಾಕುವ ಮುಂಚೆ ರೆಕ್ಕೆಯನ್ನು ಮತ್ತೆ ಹಗ್ಗದಿಂದ ಕಟ್ಟಿ. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವುದು ಒಂದು ಕೀ (ನಡುವೆ ಕೂರುವ ಚಿಕ್ಕ ಲೋಹದ ತುಂಡು), ಮತ್ತು ಒಂದೋ ಎರಡೋ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ). ಲಾರಿಯಲ್ಲಿ ಬರುವಾಗ ಈ ಸ್ಕ್ರೂ ಸಡಿಲವಾಗುವುದು ಸಾಮಾನ್ಯ. ಅಲೆನ್ ಕೀ ಹಾಕಿ ಬಿಗಿ ನೋಡಿ. ರೆಕ್ಕೆಯ ಹಬ್‌ನಲ್ಲಿ, ಬೇರಿಂಗಿನ ಕಾಲರಿನಲ್ಲಿ ಕೂಡ ಇಂಥದ್ದೇ ಸ್ಕ್ರೂ ಇರುತ್ತದೆ. ಅವನ್ನೂ ಬಿಡಬೇಡಿ. ಬಿಗಿ ಮಾಡಿದ ಮೇಲೆ ಸ್ಕ್ರೂ ಮೇಲಿಂದ ಶಾಫ್ಟಿಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಸಡಿಲವಾಗಿ ಜರುಗಿದರೆ ಗೆರೆ ತುಂಡಾಗಿ ಕಾಣುತ್ತದೆ.

ಆಮೇಲೆ ನೇರ. ಎರಡು ಪುಲ್ಲಿಯ ಮುಖಕ್ಕೆ ದಾರ ಎಳೆದು ಹಿಡಿಯಿರಿ. ದಾರ ದೊಡ್ಡ ಪುಲ್ಲಿಯ ಎರಡು ಅಂಚು, ಚಿಕ್ಕ ಪುಲ್ಲಿಯ ಎರಡು ಅಂಚು, ಹೀಗೆ ನಾಲ್ಕೂ ಕಡೆ ಒಟ್ಟಿಗೆ ತಾಗಬೇಕು. ಎಲ್ಲಾದರೂ ಬೆಳಕು ಕಂಡರೆ ಮೋಟಾರನ್ನೋ ಪುಲ್ಲಿಯನ್ನೋ ಸರಿಸಿ. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇದ್ದರೆ ಮುಖ ನೋಡಿದರೆ ಸಾಲದು, ಎರಡು ಪುಲ್ಲಿಯಲ್ಲೂ ಬೆಲ್ಟ್ ಕೂರುವ ತೋಡಿನ ನಡುಗೆರೆ ಒಂದೇ ಸಾಲಿಗೆ ಬರಬೇಕು. ಓರೆ ಇದ್ದ ಪುಲ್ಲಿ ಬೆಲ್ಟಿನ ಒಂದೇ ಬದಿಯನ್ನು ತಿನ್ನುತ್ತದೆ. ಕೆಳಗೆ ಕಪ್ಪು ರಬ್ಬರ್ ಪುಡಿ ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಬೆಲ್ಟ್ ಮೇಲೆ ಎ 42, ಬಿ 48 ಅಂತ ನಂಬರ್ ಇರುತ್ತದೆ. ಅಕ್ಷರ ಅದರ ಅಗಲ ಹೇಳುತ್ತದೆ: ಎ ಅಂದರೆ ಮೇಲ್ಭಾಗ 13 ಮಿ.ಮೀ., ಬಿ ಅಂದರೆ 17 ಮಿ.ಮೀ. ಅಂಕಿ ಇಂಚಿನಲ್ಲಿ ಒಳಸುತ್ತಿನ ಉದ್ದ. ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮವಾಗಿ ಕೂರಬೇಕು ಅಥವಾ ತುಸು ಮೇಲಿರಬೇಕು. ತೋಡಿನ ತಳಕ್ಕೆ ತಾಗಿದರೆ ಅದು ಆ ಪುಲ್ಲಿಯ ಬೆಲ್ಟ್ ಅಲ್ಲ, ಏಕೆಂದರೆ ಬೆಲ್ಟ್ ಹಿಡಿಯುವುದು ಎರಡು ಬದಿಗಳಿಂದ, ತಳದಿಂದಲ್ಲ.

ಬೆಲ್ಟನ್ನು ಬೆರಳಿನಿಂದ ಒಳಮುಖ ಮಾಡಿ ಸುತ್ತಲೂ ಬಗ್ಗಿಸುತ್ತ ನೋಡಿ. ಬಿರುಕು ಬಿಟ್ಟಿದೆಯಾ? ಇಲಿ ಕಡಿದಿದೆಯಾ? ಮಳೆಗಾಲದಲ್ಲಿ ಶೆಡ್ಡಿನೊಳಗೆ ಸೇರುವ ಇಲಿ ರಬ್ಬರನ್ನೂ ಬಿಡುವುದಿಲ್ಲ. ಕಚ್ಚಿದ ಗುರುತು ಚಿಕ್ಕದಿದ್ದರೂ ಹೊಸ ಬೆಲ್ಟ್ ಹಾಕಿ. ತಿಂಗಳುಗಟ್ಟಲೆ ಪುಲ್ಲಿಯ ಮೇಲೇ ಬಿಗಿಯಾಗಿ ಕೂತ ಬೆಲ್ಟ್ ಅದೇ ಆಕಾರಕ್ಕೆ ಸೆಟೆದಿರುತ್ತದೆ. ಅದು ತಿರುಗುವಾಗ ದಬದಬ ಬಡಿಯುತ್ತದೆ.

ಮತ್ತೆ ಹಾಕುವಾಗ ಸ್ಕ್ರೂಡ್ರೈವರ್ ಮೀಟಿ ಬೆಲ್ಟ್ ಏರಿಸಬೇಡಿ. ಒಳಗಿನ ದಾರದ ಎಳೆ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಸುಗ್ಗಿಯ ನಡುವೆ ಬೆಲ್ಟ್ ಕಿತ್ತುಹೋಗುತ್ತದೆ. ಮೋಟಾರನ್ನು ಪೂರ್ತಿ ಒಳಕ್ಕೆ ಸರಿಸಿ, ಬೆಲ್ಟನ್ನು ಕೈಯಲ್ಲೇ ಕೂರಿಸಿ, ಆಮೇಲೆ ಮೋಟಾರನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ.

ಎಷ್ಟು ಬಿಗಿ? ಎರಡು ಪುಲ್ಲಿಗಳ ನಡುಮಧ್ಯೆ ಹೆಬ್ಬೆರಳಿನಿಂದ ಹದವಾಗಿ ಒತ್ತಿ. ಪುಲ್ಲಿಗಳ ನಡುವಿನ ಬೆಲ್ಟಿನ ಉದ್ದ 1 ಮೀಟರ್ ಇದ್ದರೆ ಸುಮಾರು 16 ಮಿ.ಮೀ. ತಗ್ಗಬೇಕು. ಒಂದೂವರೆ ಅಡಿ ಇದ್ದರೆ 7 ಮಿ.ಮೀ. ಸಾಕು. "ಅರ್ಧ ಇಂಚು" ಅನ್ನುವ ರೂಢಿಯ ಲೆಕ್ಕ ಇಷ್ಟು ಹತ್ತಿರದ ಪುಲ್ಲಿಗಳಿಗೆ ಸಡಿಲವಾಯಿತು. ಸಡಿಲವಾದರೆ ಬೆಲ್ಟ್ ಜಾರಿ ಕೀರಲು ಸದ್ದು ಮಾಡಿ ಸುಡುತ್ತದೆ. ಬಿಗಿ ಜಾಸ್ತಿಯಾದರೆ ಬೇರಿಂಗ್ ಹೋಗುತ್ತದೆ, ಮತ್ತು ಬೇರಿಂಗಿನ ಖರ್ಚು ಬೆಲ್ಟಿನದಕ್ಕಿಂತ ತುಂಬಾ ಹೆಚ್ಚು. ಸ್ಪ್ರಿಂಗ್ ಟೆನ್ಷನರ್ ಇರುವ ಫ್ಯಾನಿನಲ್ಲಿ ಈ ಕೆಲಸ ಸ್ಪ್ರಿಂಗ್ ಮಾಡುತ್ತದೆ. ಅದರ ತೋಳು ಸಲೀಸಾಗಿ ಆಡುತ್ತದೆಯೇ ಅಂತ ನೋಡಿದರೆ ಸಾಕು. ಜಾರುವ ಬೆಲ್ಟಿಗೆ ರಾಳ, ಎಣ್ಣೆ, ಸ್ಪ್ರೇ ಏನನ್ನೂ ಹಚ್ಚಬೇಡಿ.

6. ಬೇರಿಂಗ್

ಸೀಲ್ ಆದ ಬೇರಿಂಗ್ ಆದರೆ ಗ್ರೀಸ್ ಕೆಲಸ ಇಲ್ಲ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಒರೆಸಿ, ಕಂಪನಿ ಹೇಳಿದ ಗ್ರೀಸನ್ನೇ ಹಾಕಿ. ಗನ್ನನ್ನು ಒಂದೆರಡು ಸಲ ಮೆಲ್ಲಗೆ ಒತ್ತಿ, ಜೊತೆಗೆ ಹಗ್ಗ ಬಿಚ್ಚಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ತುಂಬಿ ತುಳುಕಿಸಿದರೆ ಸೀಲ್ ಒಡೆಯುತ್ತದೆ, ಬೇರಿಂಗ್ ಕಾಯುತ್ತದೆ.

7. ಮೋಟಾರಿನೊಳಗಿನ ತೇವ

ಬಯಲುಸೀಮೆಯವರು ಈ ಹಂತ ಬಿಟ್ಟರೂ ನಡೆದೀತು. ಮಲೆನಾಡಿನವರು ಬಿಡುವ ಹಾಗಿಲ್ಲ. ಮಳೆಗಾಲ ಪೂರ್ತಿ ನಿಂತ ಮೋಟಾರಿನ ವೈಂಡಿಂಗಿನಲ್ಲಿ (ಒಳಗಿನ ತಂತಿ ಸುರುಳಿ) ತೇವ ಕೂತಿರುತ್ತದೆ. ಹೊರಗಿಂದ ಒಣಗಿದಂತೆ ಕಾಣುತ್ತದೆ. ಕರೆಂಟ್ ಕೊಟ್ಟ ಕ್ಷಣ ಅದು ವೈಂಡಿಂಗಿನಿಂದ ಮೋಟಾರಿನ ಹೊರಮೈಗೆ ಹಾರಿ ಮೋಟಾರ್ ಸುಡಬಹುದು. ಅರ್ಥಿಂಗ್ ಸರಿ ಇಲ್ಲದಿದ್ದರೆ ಮುಟ್ಟಿದವರ ಜೀವಕ್ಕೇ ಅಪಾಯ.

ಟರ್ಮಿನಲ್ ಬಾಕ್ಸ್ ತೆರೆಯಿರಿ. ಒಳಗೆ ಹಸಿರು ಕಿಲುಬು, ನೀರಿನ ಹನಿ, ಇರುವೆ ಗೂಡು ಇದ್ದರೆ ಶುಚಿ ಮಾಡಿ ಒಣಗಿಸಿ. ಎಲೆಕ್ಟ್ರಿಷಿಯನ್ ಬಂದಾಗ ಸಪ್ಲೈ ವೈರ್ ಬಿಚ್ಚಿ 500 ವೋಲ್ಟಿನ ಮೆಗ್ಗರ್‌ನಿಂದ ವೈಂಡಿಂಗಿಗೂ ಹೊರಮೈಗೂ ನಡುವೆ ನೋಡಲು ಹೇಳಿ. ಕನಿಷ್ಠ 1 ಮೆಗಾ ಓಮ್ ಬರಲೇಬೇಕು. ಒಣಗಿದ ಹೊಸ ಮೋಟಾರಿಗೆ ಅದರ ಎಷ್ಟೋ ಪಟ್ಟು ಬರುತ್ತದೆ. ಹಾಗಾಗಿ 1 ಅಥವಾ 2 ಬಂದರೆ ಪಾಸ್ ಆಯ್ತು ಅಂತ ಬಿಡಬೇಡಿ, ಒಣಗಿಸಿ ಮತ್ತೆ ನೋಡಿ. ಸಾಮಾನ್ಯ ಮಲ್ಟಿಮೀಟರ್ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಬ್ಯಾಟರಿಯ ಚಿಕ್ಕ ವೋಲ್ಟೇಜಿಗೆ ತೇವದ ಸೋರಿಕೆ ಸರಿಯಾಗಿ ಸಿಗುವುದಿಲ್ಲ.

ಒಣಗಿಸಲು ಟರ್ಮಿನಲ್ ಮುಚ್ಚಳ ತೆಗೆದು ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಇಡಿ, ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ಬಿಸಿಲಿಲ್ಲದಿದ್ದರೆ ವೈಂಡಿಂಗ್ ಅಂಗಡಿಗೆ ಕೊಡಿ. ಒಲೆಯ ಬಾಯಿಗೆ ಇಟ್ಟು ಒಣಗಿಸುವುದು ಬೇಡ. ಒಂದು ಕಡೆ ಮಾತ್ರ ಕಾದು ಇನ್ಸುಲೇಷನ್ ಹಾಳಾಗುತ್ತದೆ.

8. ಸ್ಟಾರ್ಟರ್, ಫೇಸ್, ಅರ್ಥ್

ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು (ಹೊರೆ ಜಾಸ್ತಿಯಾದರೆ ಕರೆಂಟ್ ಕಡಿಯುವುದು) ನೇಮ್ ಪ್ಲೇಟಿನ ಆಂಪ್ಸಿಗೆ ಸರಿಯಾಗಿ ತಿರುಗಿಸಿ ಇಡಿ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಮೇಲೆ ಏರಿಸಿದರೆ ರಿಲೇ ಇದ್ದೂ ಇಲ್ಲದ ಹಾಗೆ. ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಖಂಡಿತ ಹಾಕಿಸಿ. ಮರ ಬಿದ್ದು ಒಂದು ಫೇಸ್ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಎರಡೇ ಫೇಸಿನಲ್ಲಿ ಎಳೆಯುವ ಮೋಟಾರ್ ಗುಂಯ್‌ಗುಟ್ಟುತ್ತ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ವೋಲ್ಟೇಜ್ 380ಕ್ಕಿಂತ ಕೆಳಗಿದ್ದಾಗ ಓಡಿಸದಿರುವುದೇ ಒಳ್ಳೆಯದು.

ಮೂರು ಫೇಸಿನ ಮೋಟಾರಿನ ಹೊರಮೈಗೆ ಎರಡು ಪ್ರತ್ಯೇಕ ಅರ್ಥ್ ತಂತಿ ಇರಬೇಕು, ಇದು ನಿಯಮ. ಪೇಂಟಿನ ಮೇಲೆ ಬಿಗಿದ ತಂತಿ ಲೆಕ್ಕಕ್ಕಿಲ್ಲ. ಪೇಂಟ್ ಉಜ್ಜಿ ಲೋಹಕ್ಕೆ ಲೋಹ ತಾಗಿಸಬೇಕು. ಕೃಷಿ ಪಂಪ್‌ಸೆಟ್‌ನ ಲೈನಿನಿಂದ ಎಳೆದು ಓಡಿಸುವ ಮುಂಚೆ ಮೆಸ್ಕಾಂ ಕಚೇರಿಯಲ್ಲಿ ಯಾವ ಕನೆಕ್ಷನ್ ಬೇಕು ಅಂತ ಕೇಳಿಕೊಳ್ಳಿ.

9. ಬೆಲ್ಟ್ ಗಾರ್ಡ್ ಇಲ್ಲದೆ ಬಟನ್ ಮುಟ್ಟಬೇಡಿ

ಇದರಲ್ಲಿ ರಾಜಿ ಬೇಡ. ಶೆಡ್ಡಿನಲ್ಲಿ ಪಂಚೆ ಉಟ್ಟವರು, ಹೆಗಲ ಮೇಲೆ ಟವೆಲ್ ಹಾಕಿದವರು, ಸೀರೆ ಸೆರಗು ಕಟ್ಟಿಕೊಂಡು ಅಡಿಕೆ ಸುಲಿಯುವವರು, ಓಡಾಡುವ ಮಕ್ಕಳು ಇರುತ್ತಾರೆ. ಬಟ್ಟೆಯ ತುದಿ ಬೆಲ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಒಳಮುಖಕ್ಕೆ ಜಾಲರಿ, ಬೆಲ್ಟಿಗೆ ಮುಚ್ಚಳ, ಎರಡೂ ಬೋಲ್ಟ್ ಸಮೇತ ಕೂತಿರಬೇಕು. ಜಾಲರಿಯ ಕಿಂಡಿಯಲ್ಲಿ ಮಗುವಿನ ಬೆರಳು ಹಾದು ರೆಕ್ಕೆಗೆ ಮುಟ್ಟುವಂತಿದ್ದರೆ ಇನ್ನೂ ಸಣ್ಣ ಕಿಂಡಿಯದು ಹಾಕಿಸಿ. ಕಂಪನಿಯಿಂದ ಗಾರ್ಡ್ ಬರದಿದ್ದರೆ ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳಿ.

10. ಗಾಳಿ ಒಳಗೆ ಬರಲು ದಾರಿ

ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿ ಒಳಗೆ ಬರಲೇಬೇಕು. ಚಳಿ ಅಂತ ಬಾಗಿಲು, ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದು ಒಲೆಯ ಚಿಮಣಿಯಿಂದಲೇ ಗಾಳಿ ಎಳೆಯುತ್ತದೆ. ಮೇಲೆ ಹೋಗಬೇಕಾದ ಹೊಗೆ ಶೆಡ್ಡಿಗೇ ಇಳಿಯುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಶುರುವಾಗುವ ತನಕ ಗೊತ್ತೇ ಆಗುವುದಿಲ್ಲ, ಜೀವ ಹೋಗುವಷ್ಟು ವಿಷ. ಫ್ಯಾನಿನ ಎದುರು ಗೋಡೆಯಲ್ಲಿ ಫ್ಯಾನಿನ ಬಾಯಿಗಿಂತ ದೊಡ್ಡ ಕಿಂಡಿ ಯಾವಾಗಲೂ ತೆರೆದಿರಲಿ. ಪಕ್ಕದಲ್ಲೇ ಕಿಟಕಿ ಇದ್ದರೆ ಅದನ್ನು ಮುಚ್ಚಿ, ಇಲ್ಲದಿದ್ದರೆ ಹೊರಗೆ ಹೋದ ಹೊಗೆ ಅಲ್ಲಿಂದಲೇ ವಾಪಸ್ ಬರುತ್ತದೆ.

11. ಮೊದಲ ಓಟ

ಹಗ್ಗ ಬಿಚ್ಚಿದಿರಾ, ಸ್ಪ್ಯಾನರ್ ಎಲ್ಲ ಎಣಿಸಿದಿರಾ ನೋಡಿ. ರೆಕ್ಕೆಯ ಎದುರಿಗಾಗಲಿ, ಅದರ ಬಳೆಯ ಸಾಲಿನಲ್ಲಾಗಲಿ ಯಾರೂ ನಿಲ್ಲಬಾರದು. ಹೊರಗೆ ಲೌವರ್ ಹತ್ತಿರವೂ ಯಾರೂ ಇರದಂತೆ ನೋಡಿಕೊಳ್ಳಿ.

ಹಸಿರು ಬಟನ್ ಒತ್ತಿ ತಕ್ಷಣ ಕೆಂಪು ಒತ್ತಿ. ರೆಕ್ಕೆ ಎರಡು ಮೂರು ಸುತ್ತು ತಿರುಗಿ ನಿಧಾನವಾಗುವಾಗ ದಿಕ್ಕು ನೋಡಿ. ಫ್ರೇಮಿನ ಮೇಲಿನ ಬಾಣದ ಗುರುತಿನ ಕಡೆಗೇ ತಿರುಗಬೇಕು. ಉಲ್ಟಾ ಇದ್ದರೆ ಗಾಳಿ ಒಳಗೆ ಬರುತ್ತದೆ, ಲೌವರ್ ಏಳುವುದಿಲ್ಲ. ಎಲೆಕ್ಟ್ರಿಷಿಯನ್ ಮೇನ್ ಇಳಿಸಿ ಮೂರರಲ್ಲಿ ಯಾವುದಾದರೂ ಎರಡು ಫೇಸನ್ನು ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಸಿಂಗಲ್ ಫೇಸ್ ಮೋಟಾರಿಗೆ ಇದು ನಡೆಯುವುದಿಲ್ಲ, ಅದರ ಸ್ಟಾರ್ಟಿಂಗ್ ವೈಂಡಿಂಗಿನ ತುದಿ ಬದಲಿಸಬೇಕು. ಜನರೇಟರಿಗೆ ಹಾಕಿದಾಗಲೂ, ಲೈನ್ ರಿಪೇರಿ ಆಗಿ ಕರೆಂಟ್ ಬಂದಾಗಲೂ ದಿಕ್ಕನ್ನು ಮತ್ತೆ ನೋಡಿ. ಕಂಬದಲ್ಲಿ ತಂತಿ ಅದಲು ಬದಲಾಗಿದ್ದರೆ ನಿಮ್ಮ ಫ್ಯಾನ್ ಕೂಡ ಉಲ್ಟಾ ತಿರುಗುತ್ತದೆ.

ದಿಕ್ಕು ಸರಿ ಇದ್ದರೆ ಹತ್ತು ನಿಮಿಷ ಓಡಿಸಿ. ಕೈ ಸ್ಟಾಪ್ ಬಟನ್ ಹತ್ತಿರವೇ ಇರಲಿ. ಶುರುವಿನಲ್ಲಿ ಬೆಲ್ಟ್ ಒಂದು ಕ್ಷಣ ಕೀಚ್ ಅಂದರೆ ಪರವಾಗಿಲ್ಲ. ಅದು ಮುಂದುವರಿದರೆ, ಫ್ರೇಮ್ ನಡುಗಿದರೆ, ಸುಟ್ಟ ರಬ್ಬರಿನ ವಾಸನೆ ಬಂದರೆ ನಿಲ್ಲಿಸಿ. ಈ ಹೊತ್ತಿನಲ್ಲಿ ಕ್ಲ್ಯಾಂಪ್ ಮೀಟರಿನಿಂದ ಮೂರು ಫೇಸಿನ ಕರೆಂಟನ್ನೂ ಅಳೆಸಿ. ಮೂರೂ ಹತ್ತಿರ ಹತ್ತಿರ ಇರಬೇಕು, ಯಾವುದೂ ನೇಮ್ ಪ್ಲೇಟಿನ ಅಂಕಿ ದಾಟಬಾರದು. ಒಂದು ಊದುಬತ್ತಿ ಹಚ್ಚಿ ಒಲೆಯ ಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಒಲೆಯ ಒಳಕ್ಕೆ ಹೋದರೆ ಸರಿ. ಹೊರಕ್ಕೆ ಬಂದರೆ ಕಿಂಡಿ ಸಾಲದು.

ಆಮೇಲೆ ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಮೇನ್ ಇಳಿಸಿ, ರೆಕ್ಕೆ ಪೂರ್ತಿ ನಿಂತ ಮೇಲೆ ಬೇರಿಂಗಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೆಲ್ಟ್ ಬಿಗಿ ಜಾಸ್ತಿ ಇದೆ ಅಥವಾ ಗ್ರೀಸಿನ ತೊಂದರೆ.

12. ಮೊದಲ ದಿನ ಕಳೆದ ಮೇಲೆ

ಹೊಸ ಬೆಲ್ಟ್ ಮೊದಲ ಒಂದೆರಡು ದಿನದಲ್ಲಿ ಹಿಗ್ಗಿ ಪುಲ್ಲಿಯ ತೋಡಿನಲ್ಲಿ ಕೂರುತ್ತದೆ. ಮೊದಲ ದಿನದ ಕೆಲಸ ಮುಗಿದ ಮೇಲೆ ಫ್ಯೂಸ್ ಕಿತ್ತು ಬಿಗಿಯನ್ನು ಮತ್ತೆ ನೋಡಿ. ಗ್ರಬ್ ಸ್ಕ್ರೂಗಳ ಪೇಂಟ್ ಗೆರೆ, ಗೋಡೆಯ ಬೋಲ್ಟು ಕೂಡ ನೋಡಿ. ವಾರ ಕಳೆದ ಮೇಲೆ ಇನ್ನೊಂದು ಸಲ. ಅಡಿಕೆಯ ದೂಳು ಹಬೆಗೆ ಸೇರಿ ರೆಕ್ಕೆಗೂ ಮೋಟಾರಿಗೂ ಅಂಟುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ನೀರು ಹೊಡೆಯಬೇಡಿ.

ಬೆಲ್ಟಿನ ನಂಬರ್, ಬೇರಿಂಗಿನ ನಂಬರ್, ಮೊದಲ ದಿನ ಬಂದ ಆಂಪ್ಸ್, ಮೆಗ್ಗರ್ ಅಂಕಿ, ಇಷ್ಟನ್ನು ಸ್ಟಾರ್ಟರ್ ಬಾಕ್ಸಿನ ಬಾಗಿಲ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ಅದೇ ನಂಬರಿನ ಒಂದು ಬೆಲ್ಟನ್ನು ಈಗಲೇ ತಂದು, ಇಲಿ ಮುಟ್ಟದ ಡಬ್ಬದಲ್ಲಿ ಸುತ್ತಿ ಮಡಿಚದೆ ಇಡಿ. ಸುಗ್ಗಿ ಮುಗಿದ ಮೇಲೆ ಫ್ಯಾನಿನ ಬೆಲ್ಟನ್ನೂ ಸಡಿಲಿಸಿ ತೆಗೆದು ಅದರ ಜೊತೆಗೇ ಇಟ್ಟುಬಿಡಿ.